ಮನೆಬಾಗಿಲಿಗೆ ಬಂದ ‘ಹಾರ್ಮೋನ್ ಪ್ಯಾಕೇಜ್’: ಒಂದು ವಿಮರ್ಶೆ

ನನ್ನ ಕುತ್ತಿಗೆಯ ಹಿಂಭಾಗ ಕಪ್ಪಾಗಿ, ಮಖಮಲ್ಲಿನಂತೆ ದಪ್ಪಗಾಗಿರುವುದನ್ನು ಮೊದಲು ಗಮನಿಸಿದವರು ಕ್ಷೌರದ ಅಂಗಡಿಯವರು. “ಸಾರ್, ಇದು ಕೊಳೆಯಲ್ಲ, ಉಜ್ಜಿದರೂ ಹೋಗುವುದಿಲ್ಲ” ಎಂದು ಅವರು ಎರಡನೆಯ ಬಾರಿ ಹೇಳಿದ ಮೇಲೆ ವಿಚಾರಿಸಿದೆ. ರಕ್ತದಲ್ಲಿ ಇನ್ಸುಲಿನ್ ಬಹುಕಾಲ ಹೆಚ್ಚಾಗಿದ್ದರೆ ಅದು ಚರ್ಮದ ಕೋಶಗಳನ್ನೂ ಬೆಳೆಯುವಂತೆ ಪ್ರಚೋದಿಸುತ್ತದೆ ಎಂದು ತಿಳಿಯಿತು. ಹಾಗಾಗಿ ಬೆಂಗಳೂರಿನ ಒಂದು ಪ್ರಯೋಗಾಲಯದ (ಹೆಸರು ಬೇಡ) ಆ್ಯಪ್‌ನಲ್ಲಿ, ಇನ್ಸುಲಿನ್, ಕಾರ್ಟಿಸಾಲ್, ಲೆಪ್ಟಿನ್, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆಯದು), ಟೆಸ್ಟೊಸ್ಟೆರಾನ್ ಎಂಬ ಐದು ಹಾರ್ಮೋನುಗಳ ಜೊತೆಗೆ ಸಕ್ಕರೆ ಮತ್ತು ಕೊಬ್ಬಿನ ಪರೀಕ್ಷೆಗಳೂ ಸೇರಿದ್ದ ಪ್ಯಾಕೇಜನ್ನು 3,600 ರೂಪಾಯಿ ಕೊಟ್ಟು ಕಾಯ್ದಿರಿಸಿದೆ.

ಬೆಳಿಗ್ಗೆ 7ಕ್ಕೆ ಬರಬೇಕಾದ ಹುಡುಗ ಬಂದಾಗ 9.40. ಅಷ್ಟು ಹೊತ್ತಿಗೆ ಮನೆಯವರೆಲ್ಲರ ಕಾಫಿ ಮುಗಿದು, ಫಿಲ್ಟರಿನಲ್ಲಿ ನನ್ನ ಪಾಲಿನ ಡಿಕಾಕ್ಷನ್ ಮಾತ್ರ ಉಳಿದಿತ್ತು. ರಕ್ತ ತೆಗೆಯುವುದರಲ್ಲಿ ಅವನ ಕೈ ಹಗುರವಾಗಿತ್ತು, ನಡೆನುಡಿಯೂ ಸೌಜನ್ಯದಿಂದ ಕೂಡಿತ್ತು. ಆದರೆ ಫಾರಂನಲ್ಲಿ ಸಮಯದ ಜಾಗದಲ್ಲಿ ಅಭ್ಯಾಸಬಲದಿಂದ ‘8.00’ ಎಂದು ಬರೆದದ್ದನ್ನು ಕಂಡು ನಾನೇ ತಿದ್ದಿಸಬೇಕಾಯಿತು. ಕಾರ್ಟಿಸಾಲ್ ನಿದ್ದೆಯಿಂದ ಏಳುವ ಹೊತ್ತಿಗೆ ಉತ್ತುಂಗದಲ್ಲಿದ್ದು, ಹೊತ್ತು ಏರಿದಂತೆ ಇಳಿಯುವ ಹಾರ್ಮೋನು. ಸಮಯ ತಪ್ಪಾದರೆ ಅದರ ಅಂಕಿಗೆ ಅರ್ಥವಿಲ್ಲ.

ಮರುದಿನ 24 ಪುಟಗಳ ವರದಿ ಬಂದಿತು. ಖಾಲಿ ಹೊಟ್ಟೆಯ ಸಕ್ಕರೆ 97, ಹಸಿರು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ 5.6, ಅದೂ ಹಸಿರು. ಇನ್ಸುಲಿನ್ 18.4; ಪಕ್ಕದಲ್ಲಿ ಮುದ್ರಿಸಿದ್ದ ಮಿತಿ 2.6ರಿಂದ 24.9ರವರೆಗೆ ಇದ್ದುದರಿಂದ ಅದಕ್ಕೂ ಹಸಿರು ಬಣ್ಣವೇ. ನನ್ನ ಮುಖ್ಯ ಆಕ್ಷೇಪ ಇರುವುದು ಇಲ್ಲಿ. ಈ ಎರಡು ಅಂಕಿಗಳನ್ನು ಬಿಡಿಬಿಡಿಯಾಗಿ ಓದಬಾರದು. ಸಕ್ಕರೆ ಮತ್ತು ಇನ್ಸುಲಿನ್ ಅಂಕಿಗಳನ್ನು ಗುಣಿಸಿ 405ರಿಂದ ಭಾಗಿಸಿದರೆ ಸಿಗುವ ‘ಹೋಮಾ-ಐಆರ್’ ಎಂಬ ಲೆಕ್ಕ 1985ರಿಂದಲೂ ಬಳಕೆಯಲ್ಲಿದೆ, ನನ್ನದು 4.4 ಬಂದಿತು. ಎಲ್ಲರೂ ಒಪ್ಪುವ ಒಂದೇ ಗಡಿ ಇಲ್ಲವಾದರೂ 2.5ರ ಆಚೆ ಹೋದರೆ ಇನ್ಸುಲಿನ್ ಪ್ರತಿರೋಧದ, ಅಂದರೆ ಕೋಶಗಳು ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದಿರುವುದರ, ಅನುಮಾನ ಪಡುವುದು ರೂಢಿ. ಸಕ್ಕರೆಯನ್ನು 97ರಲ್ಲಿ ಹಿಡಿದಿಡಲು ಮೇದೋಜೀರಕ ಗ್ರಂಥಿ ಎರಡಾಳಿನ ಕೆಲಸ ಮಾಡುತ್ತಿದೆ ಎಂದು ಆ ಹಸಿರು ಬಣ್ಣ ಹೇಳುವುದಿಲ್ಲ. ಕ್ಯಾಲ್ಕುಲೇಟರಿನಲ್ಲಿ ಅರ್ಧ ನಿಮಿಷದ ಈ ಲೆಕ್ಕಕ್ಕೆ 24 ಪುಟಗಳಲ್ಲಿ ಒಂದು ಸಾಲಿನ ಜಾಗವೂ ಸಿಕ್ಕಿರಲಿಲ್ಲ.

ಕೆಂಪು ಬಣ್ಣ ಬಿದ್ದಿದ್ದದ್ದು ಕೊಬ್ಬಿನ ಪುಟದಲ್ಲಿ: ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡ್ 212, ‘ಒಳ್ಳೆಯ ಕೊಲೆಸ್ಟ್ರಾಲ್’ ಎನ್ನುವ ಎಚ್‌ಡಿಎಲ್ 36. ಇದೂ ಹಾರ್ಮೋನಿನ ಕಥೆಯೇ ಎಂದು ವರದಿ ತಿಳಿಸಬಹುದಿತ್ತು. ಕೊಬ್ಬಿನ ಕೋಶಗಳಿಂದ ಕೊಬ್ಬಿನಾಮ್ಲ ಸೋರದಂತೆ ತಡೆಯುವುದು ಇನ್ಸುಲಿನ್ನಿನ ಕೆಲಸಗಳಲ್ಲಿ ಒಂದು. ಆ ಕೋಶಗಳು ಅದರ ಮಾತು ಕೇಳದಿದ್ದಾಗ ಕೊಬ್ಬಿನಾಮ್ಲ ಯಕೃತ್ತಿಗೆ ಹರಿದು ಅಲ್ಲಿ ಟ್ರೈಗ್ಲಿಸರೈಡ್ ಆಗಿ ರಕ್ತಕ್ಕೆ ಮರಳುತ್ತದೆ, ಅದರ ಬೆನ್ನಿಗೇ ಎಚ್‌ಡಿಎಲ್ ಇಳಿಯುತ್ತದೆ. ಈ ಲಕ್ಷಣಗಳು ಗುಂಪಾಗಿ ಬರುವುದನ್ನು ಜೆರಾಲ್ಡ್ ರೀವನ್ 1988ರಲ್ಲಿ ‘ಸಿಂಡ್ರೋಮ್ ಎಕ್ಸ್’ ಎಂದು ಕರೆದರು; ಇಂದಿನ ಹೆಸರು ಮೆಟಬಾಲಿಕ್ ಸಿಂಡ್ರೋಮ್. ಸೊಂಟದ ಸುತ್ತಳತೆ, ರಕ್ತದೊತ್ತಡ, ಸಕ್ಕರೆ, ಟ್ರೈಗ್ಲಿಸರೈಡ್, ಎಚ್‌ಡಿಎಲ್ ಈ ಐದರಲ್ಲಿ ಮೂರು ಮಿತಿ ಮೀರಿದರೆ (ಎಚ್‌ಡಿಎಲ್ ಮಾತ್ರ ಮಿತಿಗಿಂತ ಇಳಿದರೆ) ಅದು ಇದೆಯೆಂದು ಲೆಕ್ಕ. ದಕ್ಷಿಣ ಏಷ್ಯಾದ ಗಂಡಸರಿಗೆ ಸೊಂಟದ ಮಿತಿ 90 ಸೆಂ.ಮೀ., ಹೆಂಗಸರಿಗೆ 80. ಹೊಲಿಗೆ ಪೆಟ್ಟಿಗೆಯ ಟೇಪಿನಲ್ಲಿ ನಾನೇ ಅಳೆದುಕೊಂಡಾಗ 94 ಬಂದು ಮೂರು ಭರ್ತಿಯಾದವು. ಪ್ರಯೋಗಾಲಯದವರು ಟೇಪನ್ನೂ ತರಲಿಲ್ಲ, ರಕ್ತದೊತ್ತಡವನ್ನೂ ಕೇಳಲಿಲ್ಲ.

ನೋಡಿದವರು ನನ್ನನ್ನು ದಪ್ಪ ಎನ್ನುವುದಿಲ್ಲ. ಪುಣೆಯ ವೈದ್ಯ ಯಾಜ್ಞಿಕ್ ಅವರು ಲಂಡನ್ನಿನ ಸಹೋದ್ಯೋಗಿ ಯಡ್ಕಿನ್ ಅವರೊಂದಿಗೆ 2004ರಲ್ಲಿ ಪ್ರಕಟಿಸಿದ, ತಮ್ಮಿಬ್ಬರದೇ ಜೋಡಿ ಚಿತ್ರ ನೆನಪಾಗುತ್ತದೆ: ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) ಕೂಡ 22.3, ಆದರೆ ದೇಹದ ಕೊಬ್ಬು ಯಡ್ಕಿನ್ ಅವರದು ಶೇ. 9.1, ಯಾಜ್ಞಿಕ್ ಅವರದು ಶೇ. 21.2.

ಪ್ಯಾಕೇಜಿನ ಭಾಗವಾದ ‘ತಜ್ಞರ ಸಲಹೆ’ ಆರು ನಿಮಿಷದ ಫೋನ್ ಕರೆಯಾಗಿತ್ತು. ಮಾತನಾಡಿದವರು ಅನ್ನ ಬಿಟ್ಟು ಮುದ್ದೆ ತಿನ್ನಲು ಹೇಳಿದರು. ಮುದ್ದೆಯೂ ಬಹುಪಾಲು ಪಿಷ್ಟವೇ, ಗಾತ್ರದ ಮಾತು ಬರಲೇ ಇಲ್ಲ. ಬಳಿಕ ಲೆಪ್ಟಿನ್ ಹೆಚ್ಚಿದೆ ಎಂದು ಗಾಬರಿ ಹುಟ್ಟಿಸಿ ಒಂದು ಪುಡಿಯ ಡಬ್ಬಿಯನ್ನು ಶಿಫಾರಸು ಮಾಡಿದರು. 1994ರಲ್ಲಿ ಪತ್ತೆಯಾದ ಈ ಹಾರ್ಮೋನನ್ನು ಕೊಬ್ಬಿನ ಕೋಶಗಳೇ ಸ್ರವಿಸುವುದರಿಂದ ಕೊಬ್ಬು ಹೆಚ್ಚಿದ್ದವರಲ್ಲಿ ಅದೂ ಹೆಚ್ಚಿರುತ್ತದೆ. ನನ್ನಂಥವರ ಚಿಕಿತ್ಸೆಯನ್ನು ಆ ಅಂಕಿ ಬದಲಿಸುವುದಿಲ್ಲ. ಟೆಸ್ಟೊಸ್ಟೆರಾನ್ ಪರೀಕ್ಷೆ ಪಿಸಿಓಡಿ (ಅಂಡಾಶಯದ ಹಾರ್ಮೋನು ಏರುಪೇರಿನ ತೊಂದರೆ) ಇರುವ ಹೆಣ್ಣುಮಕ್ಕಳಿಗೆ ಉಪಯುಕ್ತ, ಏಕೆಂದರೆ ಹೆಚ್ಚಿದ ಇನ್ಸುಲಿನ್ ಅಂಡಾಶಯವನ್ನು ಆ ಹಾರ್ಮೋನಿನ ಉತ್ಪಾದನೆಗೆ ದೂಡುತ್ತದೆ. ನನಗೆ ಅದು ಬೇಕಿರಲಿಲ್ಲ.

ಒಟ್ಟಿನಲ್ಲಿ ಸಕ್ಕರೆ, ಇನ್ಸುಲಿನ್, ಎಚ್‌ಬಿಎ1ಸಿ, ಕೊಬ್ಬಿನ ಪರೀಕ್ಷೆ ಇವಿಷ್ಟನ್ನು ಬಡಾವಣೆಯ ಸಣ್ಣ ಲ್ಯಾಬಿನಲ್ಲಿ ಮಾಡಿಸಿ, ಉಳಿದ ಹಣವನ್ನು ವೈದ್ಯರ ಶುಲ್ಕಕ್ಕೆ ಕೊಡುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಐದು ನಕ್ಷತ್ರಗಳಲ್ಲಿ ಎರಡು ಕೊಡುತ್ತೇನೆ. ಅವೆರಡೂ ರಕ್ತ ತೆಗೆದ ಹುಡುಗನಿಗೆ. ಕಾರ್ಟಿಸಾಲ್ ಕುರಿತ ನನ್ನ ದೂರಿಗೆ ಮೂರನೆಯ ದಿನ ಉತ್ತರಿಸಿ, ಅದನ್ನು ಉಚಿತವಾಗಿ ಮತ್ತೊಮ್ಮೆ ಮಾಡಿಕೊಡುವುದಾಗಿ ತಿಳಿಸಿದರು. ಅದರ ಬದಲು ಮೂರು ತಿಂಗಳ ನಂತರ ಇನ್ಸುಲಿನ್ ಪರೀಕ್ಷೆ ಮಾಡಿಕೊಡಲಾದೀತೇ ಎಂದು ಕೇಳಿದ್ದೇನೆ. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ.