ಕೋರ್ಟು ರಸ್ತೆಯ ಝೆರಾಕ್ಸ್ ಅಂಗಡಿ ಮತ್ತು ನನ್ನ ತಂಗಿಯ ವೋಟು

ಅಂಗಡಿಯ ಬೋರ್ಡಿನಲ್ಲಿ ಹೆಸರಿಗಿಂತ ಕೆಲಸದ ಪಟ್ಟಿಯೇ ದೊಡ್ಡದು. ಝೆರಾಕ್ಸ್, ಪ್ರಿಂಟ್, ಸ್ಪೈರಲ್ ಬೈಂಡಿಂಗ್, ಲ್ಯಾಮಿನೇಶನ್, ಕೊರಿಯರ್. ನಾನೂ ಹೆಸರು ಬರೆಯುವುದಿಲ್ಲ. ಎರಡು ದೂರು ಹೇಳಲಿಕ್ಕುಂಟು, ಮತ್ತೆ ನಾಳೆ ಬೆಳಿಗ್ಗೆ ಪುನಃ ಅದೇ ಮೆಟ್ಟಿಲು ಹತ್ತಬೇಕಾದವನು ನಾನು. ಉಡುಪಿ ಕೋರ್ಟಿಗೆ ಓಡಾಡುವವರಿಗೆ ಯಾವ ಅಂಗಡಿ ಅಂತ ಗೊತ್ತಾಗಿಯೇ ಆಗುತ್ತದೆ.

ನಾನು ವಕೀಲರ ಗುಮಾಸ್ತ. 29 ವರ್ಷ ಆಯಿತು. ವಕಾಲತ್ತು, ಅಫಿಡವಿಟ್, ನಕಲು ಅರ್ಜಿ, ಇವುಗಳ ನಡುವೆಯೇ ತಲೆ ಬೆಳ್ಳಗಾದದ್ದು. ಕಾಗದ ಎಲ್ಲಿ ಮಡಚಬೇಕು, ಪಿನ್ ಎಲ್ಲಿ ಹೊಡೆಯಬಾರದು ಅಂತ ಕಣ್ಣು ಮುಚ್ಚಿ ಹೇಳಬಲ್ಲೆ. ಹಾಗಾಗಿ ಝೆರಾಕ್ಸ್ ಅಂಗಡಿಯ ವಿಷಯದಲ್ಲಿ ನಾನು ಸ್ವಲ್ಪ ಕಿರಿಕಿರಿಯ ಗಿರಾಕಿಯೇ. ಒಪ್ಪಿಕೊಳ್ಳುತ್ತೇನೆ.

ಈ ಸಲ ಕೊಟ್ಟ ಕೆಲಸ ಕೇಸಿನದ್ದಲ್ಲ. ನನ್ನ ತಂಗಿ ಅಮೆರಿಕದ ವರ್ಜೀನಿಯಾದಲ್ಲಿ, ರಿಚ್‌ಮಂಡ್ ಪಕ್ಕದ ಹೆನ್‌ರೈಕೊ ಕೌಂಟಿಯಲ್ಲಿ ಇದ್ದಾಳೆ. ಅಲ್ಲಿಯ ಪೌರತ್ವವೂ ಸಿಕ್ಕಿದೆ. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು ಅಂತ ಸೆಪ್ಟೆಂಬರ್ ಮೊದಲ ವಾರ ಬಂದಳು. ವಾಪಸು ಹೋಗುವುದು ಡಿಸೆಂಬರಿಗೆ. ನಡುವೆ, 2025ರ ನವೆಂಬರ್ 4ಕ್ಕೆ, ಅಲ್ಲಿ ಚುನಾವಣೆ. ಹೊರದೇಶದಲ್ಲಿ ಇರುವವರು ಅರ್ಜಿ ಹಾಕಿದರೆ ಮತಪತ್ರವನ್ನು ಇಮೇಲಿನಲ್ಲಿ ಕಳಿಸುತ್ತಾರೆ. ಆದರೆ ತುಂಬಿದ್ದನ್ನು ಇಮೇಲಿನಲ್ಲೇ ವಾಪಸು ಕೊಡಲಿಕ್ಕೆ ಇವಳಿಗೆ ಆಗುವುದಿಲ್ಲ. ಕಾಗದವೇ ಹೋಗಿ ಮುಟ್ಟಬೇಕು.

ಮತಪತ್ರದಲ್ಲಿ ಗವರ್ನರ್ (ಅಲ್ಲಿ ಇವರೇ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ), ಲೆಫ್ಟಿನೆಂಟ್ ಗವರ್ನರ್, ಆಮೇಲೆ ಅಟಾರ್ನಿ ಜನರಲ್. ಮೂರನೆಯದನ್ನು ನೋಡಿ ನಾನು ನಕ್ಕೆ. ಸರ್ಕಾರದ ವಕೀಲರನ್ನು ಜನ ವೋಟು ಹಾಕಿ ಆರಿಸುವುದಾ? ನಮ್ಮಲ್ಲಿ ಅಡ್ವೊಕೇಟ್ ಜನರಲ್ ಅಂದರೆ ಸಂವಿಧಾನದ 165ನೇ ವಿಧಿ, ರಾಜ್ಯಪಾಲರ ನೇಮಕ, ಮುಗಿಯಿತು. ಸರ್ಕಾರ ಬದಲಾದರೆ ಅವರೂ ಫೈಲು ಕಟ್ಟುತ್ತಾರೆ. ಅಲ್ಲಿ 43 ರಾಜ್ಯಗಳಲ್ಲಿ ಈ ಹುದ್ದೆಗೆ ಎಲೆಕ್ಷನ್ ಅಂತೆ. ವರ್ಜೀನಿಯಾದಲ್ಲಿ 4 ವರ್ಷದ ಅವಧಿ. ಗವರ್ನರ್ ಆದವರು ಕೂಡಲೇ ಎರಡನೇ ಸಲ ನಿಲ್ಲುವ ಹಾಗಿಲ್ಲ, ಅಟಾರ್ನಿ ಜನರಲ್ ನಿಲ್ಲಬಹುದು. 2021ರಲ್ಲಿ ಗೆದ್ದಿದ್ದ ರಿಪಬ್ಲಿಕನ್ ಪಕ್ಷದ ಜೇಸನ್ ಮಿಯಾರೆಸ್ ಹಾಗೆಯೇ ಪುನಃ ನಿಂತದ್ದು. ಅವರ ಪಕ್ಷದಲ್ಲಿ ಎದುರು ಯಾರೂ ಇರಲಿಲ್ಲ.

ಡೆಮಾಕ್ರಟಿಕ್ ಪಕ್ಷದಲ್ಲಿ ಇಬ್ಬರು. ಜೇ ಜೋನ್ಸ್ ಮತ್ತು ಶ್ಯಾನನ್ ಟೇಲರ್. ಈ ಟೇಲರ್ ತಂಗಿಯ ಹೆನ್‌ರೈಕೊದ್ದೇ ಕಾಮನ್‌ವೆಲ್ತ್ಸ್ ಅಟಾರ್ನಿ. ನಮ್ಮ ಪಬ್ಲಿಕ್ ಪ್ರಾಸಿಕ್ಯೂಟರ್ ಇದ್ದ ಹಾಗೆ, ಆದರೆ ಅದಕ್ಕೂ ವೋಟೇ. ಪಕ್ಷದ ಅಭ್ಯರ್ಥಿ ಯಾರು ಅಂತ ಜನರೇ ವೋಟು ಹಾಕಿ ಆರಿಸುವ ಪ್ರೈಮರಿ ಜೂನ್ 17ಕ್ಕೆ ಆಯಿತು. ಅಲ್ಲಿ ಮತದಾರರು ಇಂಥ ಪಕ್ಷದವರು ಅಂತ ಹೆಸರು ನೋಂದಾಯಿಸುವ ಪದ್ಧತಿ ಇಲ್ಲ. ಯಾವ ಪಕ್ಷದ ಪ್ರೈಮರಿಯಲ್ಲಿ ಬೇಕಾದರೂ ವೋಟು ಹಾಕಬಹುದು, ಒಂದರಲ್ಲಿ ಮಾತ್ರ. "ನಮ್ಮ ಊರಿನವಳು ಅಂತ ನಾನು ಟೇಲರ್‌ಗೆ ಹಾಕಿದೆ ಅಣ್ಣ, ಎರಡು ಪರ್ಸೆಂಟಿನಲ್ಲಿ ಹೋಯಿತು" ಅಂದಳು. ಊರಿನವರು ಅಂತ ವೋಟು ಹಾಕುವ ಚಾಳಿ ಸಮುದ್ರ ದಾಟಿದರೂ ಹೋಗುವುದಿಲ್ಲ, ಅಲ್ವಾ?

ಇನ್ನು ಅಂಗಡಿಗೆ ಬರುತ್ತೇನೆ. ಸೆಪ್ಟೆಂಬರ್ 22, ನವರಾತ್ರಿ ಶುರುವಾದ ದಿನ, ಇಬ್ಬರೂ ಹೋದೆವು. ಕೌಂಟರಿನ ಹುಡುಗ ಫೈಲು ತೆರೆದು ಕಣ್ಣು ಮಿಟುಕಿಸುವಷ್ಟರಲ್ಲಿ ಪ್ರಿಂಟ್ ಕೊಟ್ಟ. ನೋಡಿದರೆ ಅಕ್ಷರ ಚಿಕ್ಕದಾಗಿದೆ, ಸುತ್ತ ಮಾರ್ಜಿನ್ ಜಾಸ್ತಿ. ಫಿಟ್ ಟು ಪೇಜ್ ಹಾಕಿದ್ದ. ಇದು ನನ್ನ ಮೊದಲ ದೂರು, ಹಳೆಯ ದೂರು. ಈ ಅಂಗಡಿಯಲ್ಲಿ ಹೇಳದಿದ್ದರೆ ಎಲ್ಲವನ್ನೂ ಕುಗ್ಗಿಸಿಯೇ ಕೊಡುತ್ತಾರೆ. ಜಮೀನಿನ ನಕ್ಷೆಯನ್ನೂ ಹೀಗೇ ಮಾಡಿ ಒಮ್ಮೆ ನನ್ನನ್ನು ಪೇಚಿಗೆ ಸಿಕ್ಕಿಸಿದ್ದರು.

ನೂರು ಪರ್ಸೆಂಟ್ ಅಳತೆಗೆ ಹಾಕು ಅಂದೆ. ಹಾಕಿದ. ಈಗ ಬಲಗಡೆ ಅಂಚಿನ ಗೆರೆ ಅರ್ಧ ಹೋಯಿತು. ಆಗ ಒಳಗಿನಿಂದ ಅಂಗಡಿಯ ಅಕ್ಕ ಎದ್ದು ಬಂದರು. ಫೈಲಿನ ಅಳತೆ ನೋಡಿದರು. "ರಾಯರೇ, ಇದು ಎ4 ಅಲ್ಲ, ಲೆಟರ್ ಸೈಜ್. ಅಗಲ ಜಾಸ್ತಿ, ಉದ್ದ ಕಮ್ಮಿ" ಅಂದರು. ಸರಿಯಾಗಿ ಹೇಳಿದರು. ಎ4 ಅಂದರೆ 210 ಮಿಲಿಮೀಟರ್ ಅಗಲ, 297 ಉದ್ದ. ಅಮೆರಿಕದವರ ಲೆಟರ್ ಎಂಟೂವರೆ ಇಂಚು ಅಗಲ, 11 ಇಂಚು ಉದ್ದ. ಅಂದರೆ ಅಗಲದಲ್ಲಿ 6 ಮಿಲಿಮೀಟರ್ ಹೆಚ್ಚು.

ಆ ಕಾಗದ ಉಡುಪಿಯಲ್ಲಿ ಎಲ್ಲಿ ಸಿಗಬೇಕು? ಆದರೆ ಕೋರ್ಟಿನ ಹತ್ತಿರದ ಅಂಗಡಿಯಲ್ಲಿ ಲೀಗಲ್ ಕಾಗದಕ್ಕೆ ಬರ ಉಂಟಾ? ಅದೂ ಎಂಟೂವರೆ ಇಂಚು ಅಗಲವೇ, ಉದ್ದ 14. ಮೂರು ಇಂಚು ಕತ್ತರಿಸಿದರೆ ಲೆಟರ್. ಇದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು ಅಂತ ನಾನು ಹೇಳುತ್ತೇನೆ. ತಂಗಿ ಕೇಳಿದರೆ ಅಕ್ಕನಿಗೆ ಮೊದಲು ಹೊಳೆಯಿತು ಅನ್ನುತ್ತಾಳೆ.

ಅಕ್ಕ ಹತ್ತು ಹಾಳೆ ಎಣಿಸಿದರು. ಮೇಜಿಗೆ ಕುಟ್ಟಿ ಅಂಚು ಸಮ ಮಾಡಿದರು. ಫೋಟೊ ಕತ್ತರಿಸುವ ಹಲಗೆಯ ಮೇಲೆ ಇಟ್ಟು, ಸ್ಟೀಲ್ ಸ್ಕೇಲಿನಿಂದ 11 ಇಂಚು ಎರಡು ಕಡೆ ಗುರುತು ಮಾಡಿದರು. ಒಂದೇ ಕಡೆ ಗುರುತು ಮಾಡಿ ಕತ್ತಿ ಎಳೆಯುವವರೇ ಜಾಸ್ತಿ, ಹಾಗೆ ಮಾಡಿದರೆ ಹಾಳೆ ಓರೆಯಾಗುತ್ತದೆ. ಎಡಗೈಯಿಂದ ಒತ್ತಿ ಹಿಡಿದು ಬಲಗೈಯಲ್ಲಿ ಕತ್ತಿ ಇಳಿಸಿದರು. ಕರ್ ಅಂತ ಒಂದೇ ಶಬ್ದ. ಪ್ರಿಂಟ್ ಅಂಚಿನಿಂದ ಅಂಚಿಗೆ ಕೂತಿತು. ಪ್ರತಿ ಹೆಸರಿನ ಪಕ್ಕದ ಮೊಟ್ಟೆಯಾಕಾರದ ಗುಂಡಿಗಳು ಕಾಳು ಜೋಡಿಸಿದ ಹಾಗೆ ನೇರ ಸಾಲಿನಲ್ಲಿದ್ದವು.

"ಎ4ನಲ್ಲಿ ಕುಗ್ಗಿಸಿ ಕಳಿಸಿದರೂ ತೆಗೆದುಕೊಳ್ಳುತ್ತಾರೆ ಅಣ್ಣ" ಅಂತ ತಂಗಿ ಎರಡು ಸಲ ಹೇಳಿದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಕ್ಕನೂ ಹಾಕಿಕೊಳ್ಳಲಿಲ್ಲ. ಈ ಅಂಗಡಿ ನನಗೆ ಹಿಡಿಸುವುದು ಇದಕ್ಕೇ. ಹೊರಡುವಾಗ ಕಂಪ್ಯೂಟರಿನಿಂದ ಫೈಲು ಅಳಿಸಿ, ರಿಸೈಕಲ್ ಬಿನ್ ತೆರೆದು ಖಾಲಿ ಮಾಡಿದ್ದನ್ನು ತಂಗಿಗೆ ತೋರಿಸಿದರು. ಕೇಳದೆಯೇ ಹಾಗೆ ಮಾಡಿದ ಇನ್ನೊಂದು ಅಂಗಡಿಯನ್ನು ನಾನು ನೋಡಿಲ್ಲ.

ಮರುದಿನ ಹೆಡ್ ಪೋಸ್ಟ್ ಆಫೀಸಿನಲ್ಲಿ ವಿಚಾರಿಸಿದೆ. ಅಮೆರಿಕಕ್ಕೆ ಬುಕಿಂಗೇ ಇಲ್ಲ ಅಂದರು. ಅವರ ತಪ್ಪಲ್ಲ. ಅಲ್ಲಿಯ ಸರ್ಕಾರ ಆಗಸ್ಟ್ 29ರಿಂದ ಸಣ್ಣ ಪಾರ್ಸೆಲ್ಲಿಗೂ ಸುಂಕ ಅಂತ ಮಾಡಿತು. ಆ ಸುಂಕ ಯಾರು ವಸೂಲಿ ಮಾಡಬೇಕು, ಹೇಗೆ ಅಂತ ಸ್ಪಷ್ಟ ಇಲ್ಲದೆ ಅಂಚೆ ಇಲಾಖೆ ಆಗಸ್ಟ್ 25ರಿಂದ ಪಾರ್ಸೆಲ್ ನಿಲ್ಲಿಸಿತು, ತಿಂಗಳ ಕೊನೆಗೆ ಕಾಗದಪತ್ರವನ್ನೂ ನಿಲ್ಲಿಸಿತು. ಚೆನ್ನೈಯ ಅಮೆರಿಕನ್ ಕಾನ್ಸುಲೇಟಿಗೆ ಮುಟ್ಟಿಸಿದರೆ ಅವರ ಚೀಲದಲ್ಲಿ ಹೋಗುತ್ತದೆ. ಆದರೆ ಹಾಸಿಗೆ ಹಿಡಿದ ಅಮ್ಮನನ್ನು ಬಿಟ್ಟು ಚೆನ್ನೈಗೆ ಯಾರು ಹೋಗುವುದು? ಮಣಿಪಾಲದ ಪರಿಚಯದವರೊಬ್ಬರು ದಸರಾ ಕಳೆದು ಆ ಕಡೆ ಹೋಗುವವರಿದ್ದರು, ಅವರ ಕೈಯಲ್ಲಿ ಕೊಡೋಣವಾ ಅಂದಳು. ವೋಟು ಅಂದರೆ ಮಿಡಿ ಉಪ್ಪಿನಕಾಯಿಯಾ ಅಂತ ಬೈದೆ. ಕೊರಿಯರೇ ಅಂತ ಆಯಿತು. ಸಮಯ ಉಂಟಲ್ಲ ಅಂತ ಕವರು ಅಮ್ಮನ ಕಪಾಟಿನಲ್ಲಿ ಕೂತಿತು.

ಕೂತದ್ದು ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ. ಅಕ್ಟೋಬರ್ 3ಕ್ಕೆ ಜೋನ್ಸ್ ಅವರ ಹಳೆಯ ಮೆಸೇಜುಗಳು ಹೊರಬಿದ್ದವು. 2022ರಲ್ಲಿ ಒಬ್ಬ ಶಾಸಕಿಗೆ ಕಳಿಸಿದ್ದು. ಆಗ ರಿಪಬ್ಲಿಕನ್ ಪಕ್ಷದ ನಾಯಕರಾಗಿದ್ದ ಟಾಡ್ ಗಿಲ್ಬರ್ಟ್‌ಗೆ ಗುಂಡು ಹೊಡೆಯುವ ಮಾತು ಅದರಲ್ಲಿತ್ತು. ಜೋನ್ಸ್ ಕ್ಷಮೆ ಕೇಳಿದರು, ಕಣದಿಂದ ಹಿಂದೆ ಸರಿಯಲಿಲ್ಲ. ಅಷ್ಟು ಹೊತ್ತಿಗೆ ಅಲ್ಲಿ ಮುಂಗಡ ಮತದಾನ ಶುರುವಾಗಿ ಎರಡು ವಾರ ಆಗಿತ್ತು. ಗಂಟೆಗೆ 116 ಮೈಲಿ ವೇಗದಲ್ಲಿ ಗಾಡಿ ಓಡಿಸಿ ಶಿಕ್ಷೆಯಾದ ಹಳೆಯ ಕಥೆಯೂ ಅದೇ ಹೊತ್ತಿಗೆ ಬಂತು. ಕಾನೂನಿನ ಹುದ್ದೆಗೆ ನಿಂತವರು! ಮತ್ತೊಂದು ಕಡೆ ಮಿಯಾರೆಸ್‌ಗೆ ಟ್ರಂಪ್ ಬೆಂಬಲ. ಟ್ರಂಪ್ ಸರ್ಕಾರದ ಮೇಲೆ ಬೇರೆ ರಾಜ್ಯಗಳ ಡೆಮಾಕ್ರಟಿಕ್ ಅಟಾರ್ನಿ ಜನರಲ್‌ಗಳು ಕೇಸಿನ ಮೇಲೆ ಕೇಸು ಹಾಕುತ್ತಿರುವಾಗ ಇವರು ಸುಮ್ನೆ ಕೂತರು ಅಂತ ತಂಗಿಗೆ ಸಿಟ್ಟು.

ನಮ್ಮ ಜಗಲಿಯಲ್ಲಿ ಹತ್ತು ದಿನ ಇದೇ ಮಾತು. ಉಳಿದ ಗುಂಡಿಗಳನ್ನೆಲ್ಲ ಕಪ್ಪು ಶಾಯಿಯಲ್ಲಿ ತುಂಬಿದ್ದಳು. ಇದೊಂದು ಬಿಳಿಯಾಗಿಯೇ ಇತ್ತು. 16ಕ್ಕೆ ರಿಚ್‌ಮಂಡಿನಲ್ಲಿ ಇಬ್ಬರ ನಡುವೆ ಚರ್ಚೆ, ನಮಗೆ 17ರ ಬೆಳಗಿನ ಜಾವ. ಕಿವಿಗೆ ಇಯರ್‌ಫೋನ್ ಹಾಕಿ, ಅಮ್ಮನ ಮಂಚದ ಕಾಲಬುಡದಲ್ಲಿ ಕೂತು ಪೂರ್ತಿ ನೋಡಿದಳು. ಬೆಳಿಗ್ಗೆ ಕಾಫಿಗೆ ಬರುವಾಗ ಕವರು ಅಂಟಿಸಿ ಆಗಿತ್ತು. ಯಾರಿಗೆ ಅಂತ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಟೇಲರ್ ವಿಷಯ ಅಷ್ಟು ಸಲೀಸಾಗಿ ಹೇಳಿದವಳು.

18ರ ಶನಿವಾರ ಪುನಃ ಅಂಗಡಿ. ದೀಪಾವಳಿಯ ಮುಂಚಿನ ರಶ್, ಅಮೆರಿಕ-ದುಬೈಗೆ ಚಕ್ಕುಲಿ ಕಟ್ಟಿಸುವವರ ಸಾಲು. ಅಂಚೆ 15ಕ್ಕೆ ಪುನಃ ಶುರುವಾಗಿತ್ತು, ಆದರೆ ಈಗ ಅದನ್ನು ನಂಬಿ ಕೂರುವಷ್ಟು ದಿನ ಉಳಿದಿರಲಿಲ್ಲ. ನವೆಂಬರ್ 4ರೊಳಗೆ ಕಳಿಸಿರಬೇಕು, 7ರ ಮಧ್ಯಾಹ್ನ 12ರ ಒಳಗೆ ಅಲ್ಲಿ ಮುಟ್ಟಬೇಕು. ಅಕ್ಕ ವಿಳಾಸ ಓದಿ ಮೊದಲು ಕೇಳಿದ್ದು, "ಇದು ಪಿ.ಒ. ಬಾಕ್ಸ್ ಅಲ್ಲ ಅಲ್ವಾ? ಅದಕ್ಕೆ ಕೊರಿಯರ್ ಹೋಗುವುದಿಲ್ಲ." ಒಳ್ಳೆಯ ಪ್ರಶ್ನೆ. ಆಧಾರ್ ಕೇಳಿದರು, ತಂಗಿಯಲ್ಲಿ ಇಲ್ಲ. ಕಂಪನಿಗೆ ಫೋನ್ ಮಾಡಿ ಪಾಸ್‌ಪೋರ್ಟ್ ಕಾಪಿಯಲ್ಲಿ ಕೆಲಸ ಆಗುವ ಹಾಗೆ ಮಾಡಿದರು. 2,340 ರೂಪಾಯಿ. ಅದರ ಮೇಲೆ ಪ್ಲಾಸ್ಟಿಕ್ ಕವರಿಗೆ ಬೇರೆ 60. ಆ ಕವರು ಕಂಪನಿಯವರು ಪುಕ್ಕಟೆ ಕೊಡುವುದು ಅಂತ ನನಗೆ ಗೊತ್ತು, ನನಗೆ ಗೊತ್ತು ಅಂತ ಅಕ್ಕನಿಗೂ ಗೊತ್ತು. ಹಬ್ಬದ ದಿನ ಅಂತ ಬಿಟ್ಟೆ.

ಎರಡನೆಯ ದೂರು ದೊಡ್ಡದು. ಮೊಬೈಲ್ ನಂಬರಿನಲ್ಲಿ ಹುಡುಗ ಒಂದು ಅಂಕೆ ತಪ್ಪು ಹಾಕಿದ್ದ. ಮೆಸೇಜು ಯಾರಿಗೋ ಹೋಗುತ್ತಾ ಇತ್ತು. ಅಂಗಡಿ ಹಬ್ಬಕ್ಕೆ ಬಾಗಿಲು ಹಾಕಿತ್ತು, ರಶೀದಿಯ ಕಾರ್ಬನ್ ಕಾಪಿಯಲ್ಲಿ ಟ್ರ್ಯಾಕಿಂಗ್ ನಂಬರಿನ ಕೊನೆಯ ಎರಡು ಅಂಕೆ ಮೂಡಿರಲಿಲ್ಲ. ಬಲಿಪಾಡ್ಯದವರೆಗೆ ಕವರು ಎಲ್ಲಿ ಉಂಟು ಅಂತಲೇ ಗೊತ್ತಿಲ್ಲದೆ ಕೂತೆವು. ತಂಗಿ ದೀಪ ಹಚ್ಚುವಾಗಲೂ ಫೋನ್ ನೋಡುತ್ತಿದ್ದಳು. ಅಂಗಡಿ ತೆರೆದ ದಿನ ಹೋಗಿ ಕೂಗಾಡಿದೆ. ಹುಡುಗನ ಬದಲು ಅಕ್ಕನೇ ತಪ್ಪು ಒಪ್ಪಿಕೊಂಡು ಸರಿ ಮಾಡಿಸಿದರು. 27ಕ್ಕೆ ಮುಟ್ಟಿತು.

ನಮಗೆ ನವೆಂಬರ್ 5ರ ಬೆಳಿಗ್ಗೆ ಐದೂವರೆ ಆಗುವಾಗ ಅಲ್ಲಿ ಮತದಾನ ಮುಗಿಯಿತು. ಜೋನ್ಸ್ ಗೆದ್ದರು, ಸುಮಾರು 53 ಪರ್ಸೆಂಟ್. ವರ್ಜೀನಿಯಾಕ್ಕೆ ಮೊದಲ ಕಪ್ಪು ಅಟಾರ್ನಿ ಜನರಲ್. ಆದರೆ ಅದೇ ಪಕ್ಷದ ಅಬಿಗೇಲ್ ಸ್ಪ್ಯಾನ್‌ಬರ್ಗರ್ ಗವರ್ನರ್ ಹುದ್ದೆಯನ್ನು ಸುಮಾರು 15 ಪಾಯಿಂಟ್ ಅಂತರದಲ್ಲಿ ಗೆದ್ದರೆ, ಇವರ ಅಂತರ ಅದರ ಅರ್ಧಕ್ಕಿಂತ ಕಮ್ಮಿ. ಮೇಲಿನ ಗುಂಡಿ ತುಂಬಿ ಕೆಳಗಿನದಕ್ಕೆ ಬರುವಾಗ ಕೈ ತಡೆದವರು ನಮ್ಮ ಜಗಲಿಯಲ್ಲಿ ಮಾತ್ರ ಇದ್ದದ್ದಲ್ಲ.

ಅಂಗಡಿಯ ಅಕ್ಕನಿಗೆ ಇದೆಲ್ಲ ಬೇಡ. ಲೆಫ್ಟಿನೆಂಟ್ ಗವರ್ನರ್ ಆಗಿ ಗೆದ್ದ ಗಜಾಲಾ ಹಾಶ್ಮಿ ಹುಟ್ಟಿದ್ದು ಹೈದರಾಬಾದಿನಲ್ಲಿ ಅಂತ ಹೇಳಿದ್ದೇ ತಡ, "ನಮ್ಮ ಅಂಗಡಿಯಿಂದ ಹೋದ ವೋಟು!" ಅಂತ ಗಿರಾಕಿಗಳಿಗೆಲ್ಲ ಹೇಳತೊಡಗಿದರು. ತಂಗಿ ಅವರಿಗೂ ಹಾಕಿದ್ದಾಳಾ ಇಲ್ಲವಾ ಯಾರಿಗೆ ಗೊತ್ತು.

ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಹೋಗುವವರು ಅಳತೆ ಬಾಯಿಬಿಟ್ಟು ಹೇಳಿ, ಮೊಬೈಲ್ ನಂಬರ್ ಎರಡು ಸಲ ಓದಿಸಿ, ಕವರು ಮನೆಯಿಂದಲೇ ಒಯ್ಯಿರಿ. ಅಂದು ಕತ್ತರಿಸಿದ ಮೂರು ಇಂಚಿನ ಹತ್ತು ಪಟ್ಟಿಗಳಿಗೆ ಪಿನ್ ಹೊಡೆದು ಅಕ್ಕ ಚೀಟಿ ಪುಸ್ತಕ ಮಾಡಿಕೊಂಡಿದ್ದಾರೆ. ನಿನ್ನೆ ವಕಾಲತ್ತಿನ 6 ಕಾಪಿಯ ಲೆಕ್ಕ ಬರೆದು ಕೊಟ್ಟದ್ದು ಅದರದ್ದೇ ಒಂದರಲ್ಲಿ, ಹಳೆಯ ಬಾಕಿ 12 ರೂಪಾಯಿ ಸೇರಿಸಿ.