ಮೊದಲು ತರಬೇತಿಯೋ, ಗುತ್ತಿಗೆ ಕೆಲಸವೋ?

ಉದ್ಯಾನ ನಿರ್ಮಾಣದಲ್ಲಿ ಬದುಕು ಕಟ್ಟಿಕೊಳ್ಳಬೇಕೆನ್ನುವವರಿಗೆ ನನ್ನ ಮಾತು ಇಷ್ಟು: ಮೊದಲು ತರಬೇತಿ, ಆಮೇಲೆ ಗುತ್ತಿಗೆ ಕೆಲಸ. ತೋಟಗಾರಿಕೆ ಇಲಾಖೆ ರೈತರ ಮಕ್ಕಳಿಗೆಂದು ನಡೆಸುವ 10 ತಿಂಗಳ ತರಬೇತಿಗೆ ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಅರ್ಜಿ ಹಾಕಬಹುದು. ನಾನು ಅದನ್ನು ಮುಗಿಸಿ ಬೆಂಗಳೂರಿನ ಗುತ್ತಿಗೆದಾರರೊಬ್ಬರ ಬಳಿ ಸೇರಿದೆ.

ತರಬೇತಿಯ ದೊಡ್ಡ ಲಾಭ ಅವಸರವಿಲ್ಲದಿರುವುದು. ಮಾವಿನ ಮೃದುಕಾಂಡ ಕಸಿಯನ್ನೇ ತೆಗೆದುಕೊಳ್ಳಿ. ತಾಯಿಮರದಲ್ಲಿ ಆರಿಸಿದ ಕಡ್ಡಿಯ ಎಲೆಗಳನ್ನು ವಾರ ಹತ್ತು ದಿನ ಮುಂಚೆಯೇ ತೊಟ್ಟು ಉಳಿಸಿ ಕತ್ತರಿಸಬೇಕು, ಆಗ ಮೊಗ್ಗು ಉಬ್ಬಿ ನಿಲ್ಲುತ್ತದೆ. ಸಸಿಯ ಎಳೆಯ ಕಾಂಡವನ್ನು ತುದಿಯಿಂದ ಸೀಳಿ, ಕಡ್ಡಿಯ ಬುಡವನ್ನು ಬೆಣೆಯಾಕಾರಕ್ಕೆ ಹೆರೆದು ಒಳಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಬೇಕು. ದಪ್ಪ ಹೊಂದದಿದ್ದರೆ ಒಂದು ಪಕ್ಕದ ತೊಗಟೆಯಾದರೂ ಸರಿಯಾಗಿ ಕೂಡಬೇಕು. ಓದಲು ನಾಲ್ಕೇ ಸಾಲು. ಕೈಗೆ ಹತ್ತಬೇಕಾದರೆ ಪಕ್ಕದಲ್ಲಿ ಕುಳಿತು ತಿದ್ದುವವರು ಬೇಕು. ಅವರು ಅಲ್ಲಿ ಸಿಗುತ್ತಾರೆ. ಗುತ್ತಿಗೆ ಕೆಲಸದಲ್ಲಿ ಗಿಡಗಳು ಲಾರಿಯಲ್ಲಿ ಬಂದಿಳಿಯುತ್ತವೆ, ಸಂಜೆಯೊಳಗೆ ನೆಟ್ಟು ಮುಗಿಸಬೇಕು.

ಹಾಗೆಂದು ಆ ಅನುಭವ ಕಡಿಮೆಯದಲ್ಲ. ಅಳತೆ, ಅಂದಾಜು ಪಟ್ಟಿ, ಹನಿ ನೀರಾವರಿಯ ಪೈಪು ಎಳೆಯುವುದು, ಮನೆಯವರ ಮನಸ್ಸು ಅರಿಯುವುದು, ಬಾಕಿ ಹಣ ಕೇಳುವುದು: ಇವನ್ನು ಯಾವ ತರಗತಿಯೂ ನನಗೆ ಕಲಿಸಲಿಲ್ಲ.

ಎರಡರ ವ್ಯತ್ಯಾಸ ಎದ್ದು ಕಂಡಿದ್ದು ಮಣ್ಣು, ನೀರಿನ ವಿಷಯದಲ್ಲಿ. ಕಟ್ಟಡದ ಕಲ್ಲು, ಸಿಮೆಂಟು ಚೂರಿನ ಮೇಲೆ ತೆಳುವಾಗಿ ಕೆಮ್ಮಣ್ಣು ಹರಡಿ ಮೆಕ್ಸಿಕನ್ ಹುಲ್ಲು ಹಾಸಿದರೆ ಕೆಲಸ ಒಪ್ಪಿಸುವ ದಿನ ಕಣ್ಣಿಗೆ ಹಬ್ಬ. ಆದರೆ ದಿನಕ್ಕೆ 5 ಮಿಲಿಮೀಟರ್ ಎತ್ತರ ನಿಲ್ಲುವಷ್ಟು ನೀರೆಂದರೂ 100 ಚದರ ಮೀಟರ್ ಹುಲ್ಲಿಗೆ 500 ಲೀಟರ್ ಸುರಿಯಬೇಕು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದಾಗ, ಇಂಥ ಹುಲ್ಲುಹಾಸು ಇಟ್ಟುಕೊಂಡವರೆಲ್ಲ ಕಂಗಾಲಾದರು. ಆಗ ಕೈಹಿಡಿದದ್ದು ತರಬೇತಿಯ ಪಾಠ: ಮಣ್ಣನ್ನು ಆಳಕ್ಕೆ ಅಗೆದು ಎರೆಗೊಬ್ಬರ ಬೆರೆಸುವುದು, ಬುಡಕ್ಕೆ ಒಣ ಎಲೆಯ ಹೊದಿಕೆ, ಹುಲ್ಲಿನ ಜಾಗದಲ್ಲಿ ಕೇಪಳ, ನಂದಿಬಟ್ಟಲು, ದಾಸವಾಳ. ಬೇರೂರಿದ ಮೇಲೆ ಇವು ಹುಲ್ಲಿನಷ್ಟು ನೀರು ಕೇಳುವುದಿಲ್ಲ. ಒಣ ಎಲೆಗೆ ಬೆಂಕಿ ಹಚ್ಚುವುದನ್ನು ಕಂಡರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಸರ್ಕಾರಿ ಅಧಿಕಾರಿಯಾಗಬೇಕೆಂದಿದ್ದರೆ ಈ ಎರಡೂ ದಾರಿ ಸಾಲದು. ಅದಕ್ಕೆ ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದಂಥ ಕಡೆ 4 ವರ್ಷದ ಬಿ.ಎಸ್ಸಿ. ತೋಟಗಾರಿಕೆ ಪದವಿಯನ್ನೇ ಮಾಡಬೇಕು. ಸ್ವಂತ ಕೆಲಸ ಹಿಡಿಯುವವರಿಗೆ ನನ್ನ ಸಲಹೆ: ತರಬೇತಿ ಮುಗಿಸಿ, ಸ್ವಂತ ನರ್ಸರಿ ಇರುವ ಗುತ್ತಿಗೆದಾರರನ್ನೇ ಹುಡುಕಿ ಸೇರಿಕೊಳ್ಳಿ. ಅಂಥವರ ಬಳಿ ಕಸಿಯ ಚಾಕುವಿಗೂ ಕೆಲಸವಿರುತ್ತದೆ.