ಹಾಲ್‌ಗೆ ಬಂಗಾರದ ಹಳದಿ ಹೊಡೆಸಿದ್ದೇವೆ, ಒಂದು ಮಳೆಗಾಲ ನೋಡಿ ಬರೆಯುತ್ತಿದ್ದೇನೆ

ಕೊಡಗಿನಲ್ಲಿ ಮನೆ ಇರುವವರು ಧೈರ್ಯವಾಗಿ ಹಳದಿ ಹೊಡೆಸಿ. ಶೇಡ್ ಕಾರ್ಡ್ ಒಂದನ್ನೇ ನಂಬಿ ಮಾತ್ರ ಹೊಡೆಸಬೇಡಿ. ನಮ್ಮ ಮನೆ ಮಡಿಕೇರಿ ಹತ್ತಿರ, ಹಳೆಯ ಗೋಡೆ, ರೆಡ್ ಆಕ್ಸೈಡ್ ನೆಲ, ಬೀಟೆ ಮರದ ಬಾಗಿಲು. ಕಾಫಿ ಕೊಯ್ಲು ಮುಗಿದು ಗೋಡೆ ಚೆನ್ನಾಗಿ ಒಣಗಿದ್ದ ಫೆಬ್ರವರಿಯಲ್ಲಿ ಹಾಲ್‌ನ ನಾಲ್ಕೂ ಗೋಡೆಗೆ ವಾಶೆಬಲ್ ಎಮಲ್ಶನ್ ಹೊಡೆಸಿದೆವು. ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯೂ ಕಳೆಯಿತು. ಬಣ್ಣ ನನಗೆ ತುಂಬಾ ಹಿಡಿಸಿದೆ.

ನಮ್ಮಲ್ಲಿ ಬೆಳಕೇ ಬೇರೆ, ಅಲ್ವಾ? ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಜೋರು ಮಳೆಯಲ್ಲಿ, ಮಧ್ಯಾಹ್ನವೂ ಮಬ್ಬು, ಆ ಬೆಳಕಿಗೆ ಬಿಳಿ ಗೋಡೆ ಬೂದಿ ಬೂದಿಯಾಗಿ ಕಾಣುತ್ತದೆ. ಹಳದಿ ಇದ್ದರೆ ಕೋಣೆಗೆ ಒಂದು ಬೆಚ್ಚನೆ ಕಳೆ ಬರುತ್ತದೆ. ಇನ್ನೊಂದು ವಿಷಯ ಪೇಟೆಯವರಿಗೆ ಗೊತ್ತಾಗುವುದಿಲ್ಲ. ಕಿಟಕಿಯ ಆಚೆ ಬರೀ ಸಿಲ್ವರ್ ಓಕ್, ಕಾಫಿ ಗಿಡ, ಮೆಣಸಿನ ಬಳ್ಳಿ ಇರುವ ಮನೆಯಲ್ಲಿ ಒಳಗೆ ಬರುವ ಬೆಳಕಿಗೂ ಆ ಎಲೆಗಳ ಹಸಿರು ಹತ್ತಿಕೊಂಡಿರುತ್ತದೆ. ನಿಂಬೆ ಹಳದಿ ಹೊಡೆಸಿದರೆ ಹಸಿರು ಸೇರಿ ಗೋಡೆ ಸೊರಗಿದ ಹಾಗೆ ಕಾಣುತ್ತದೆ. ಅದಕ್ಕೇ ಸ್ವಲ್ಪ ಕೆಂಪಿನ ಕಡೆ ವಾಲಿದ, ಕಾಡುಜೇನಿನ ಬಣ್ಣಕ್ಕೆ ಹತ್ತಿರದ ಹಳದಿ ಆರಿಸಿ.

ಕಾರ್ಡ್‌ನಲ್ಲಿ ನಿಮಗೆ ಇಷ್ಟವಾದ ಶೇಡ್‌ಗಿಂತ ಒಂದೆರಡು ಮೆಟ್ಟಿಲು ತಿಳಿಯಾದದ್ದನ್ನೇ ತಗೊಳ್ಳಿ. ಹಳದಿ ಗೋಡೆಗಳು ಒಂದರ ಬಣ್ಣ ಇನ್ನೊಂದರ ಮೇಲೆ ಚೆಲ್ಲುತ್ತವೆ, ನಾಲ್ಕೂ ಕಡೆ ಹೊಡೆದ ಮೇಲೆ ಕಾರ್ಡ್‌ನಲ್ಲಿ ಕಂಡದ್ದಕ್ಕಿಂತ ಗಾಢವಾಗುತ್ತದೆ. ಕೆಲವು ಕಂಪನಿಗಳು ಪ್ರತಿ ಶೇಡ್‌ಗೆ ಎಲ್‌ಆರ್‌ವಿ ಅಂತ ಒಂದು ಅಂಕಿ ಕೊಡುತ್ತವೆ. ಗೋಡೆ ಎಷ್ಟು ಬೆಳಕು ವಾಪಸ್ ಕೊಡುತ್ತದೆ ಅನ್ನುವ ಲೆಕ್ಕ ಅದು, ಕಪ್ಪಿಗೆ 0, ಬಿಳಿಗೆ 100. ಬೆಳಕು ಕಡಿಮೆ ಇರುವ ಹಾಲ್‌ಗೆ 60ರ ಕೆಳಗೆ ಹೋಗಬೇಡಿ ಅಂತ ನನ್ನ ಸಲಹೆ. ಸಣ್ಣ ಡಬ್ಬಿ ತಂದು ದೊಡ್ಡ ರಟ್ಟಿನ ಮೇಲೆ ಎರಡು ಕೋಟ್ ಹೊಡೆದು ಕಿಟಕಿ ಪಕ್ಕ, ಕತ್ತಲೆ ಮೂಲೆ, ರಾತ್ರಿ ಬಲ್ಬ್ ಕೆಳಗೆ, ಎಲ್ಲ ಕಡೆ ಇಟ್ಟು ನೋಡಿ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನಿರ್ಧಾರ ಬೇಡ. ಬಲ್ಬ್ ಕೂಡ ಆಟ ಆಡಿಸುತ್ತದೆ: 6500 ಕೆಲ್ವಿನ್‌ನ (ಬಲ್ಬಿನ ಬೆಳಕಿನ ಬಣ್ಣದ ಅಳತೆ) ಬಿಳಿ ಎಲ್‌ಇಡಿಗೆ ಇದೇ ಬಣ್ಣ ತಣ್ಣಗೆ, ತುಸು ಹಸಿರಾಗಿ ಕಾಣುತ್ತದೆ, 2700ಕ್ಕೆ ಕಿತ್ತಳೆಯ ಕಡೆ ಜಾರುತ್ತದೆ. ನಾವು 4000ದ್ದು ಹಾಕಿದ್ದೇವೆ, ಸರಿಯಾಗಿದೆ.

ಜೋಡಿ ಬಣ್ಣಕ್ಕೆ ಬರೋಣ. ಕಡು ಮರದ ಜೊತೆ ಈ ಹಳದಿ ಬಹಳ ಚೆಂದ, ಬೀಟೆ ಇರಲಿ, ಪಾಲಿಶ್ ಮಾಡಿದ ಹಲಸು ಇರಲಿ. ಸೀಲಿಂಗ್‌ಗೆ ಅಚ್ಚ ಬಿಳಿ ಬೇಡ, ಕೆನೆ ಬಿಳಿ ಹೊಡೆಸಿ, ಇಲ್ಲದಿದ್ದರೆ ಗೋಡೆ ಮುಗಿಯುವ ಗೆರೆ ಕಣ್ಣಿಗೆ ಹೊಡೆಯುತ್ತದೆ. ನೆಲ ಕೆಂಪು, ಗೋಡೆ ಹಳದಿ, ಎರಡೂ ಬಿಸಿ ಬಣ್ಣ, ಹಾಗಾಗಿ ಪರದೆ ಮತ್ತು ದಿಂಬಿಗೆ ಮಾಸಲು ನೀಲಿ ತಂದೆವು. ಕಣ್ಣಿಗೆ ಒಂದು ವಿಶ್ರಾಂತಿ ಸಿಗುತ್ತದೆ. ಈಗ ಎಲ್ಲರೂ ಹೊಡೆಸುವ ಗ್ರೇ ಇದರ ಪಕ್ಕ ನನಗೆ ಒಂದು ಚೂರೂ ಹಿಡಿಸಲಿಲ್ಲ. ಕಪ್ಪು ಕುಪ್ಯ (ಕೊಡವರ ಉದ್ದ ಅಂಗಿ), ಕೆಂಪು ಚೇಲೆ (ಸೊಂಟಕ್ಕೆ ಸುತ್ತುವ ರೇಷ್ಮೆ ಪಟ್ಟಿ) ತೊಟ್ಟ ಹಿರಿಯರ ಫೋಟೋಗಳು ಮಾತ್ರ ಈ ಗೋಡೆಗೇ ತೆಗೆಸಿದ ಹಾಗೆ ಎದ್ದು ಕಾಣುತ್ತವೆ! ಹಿತ್ತಾಳೆ ಸಾಮಾನು ಹಾಗಲ್ಲ, ಹಳದಿಯಲ್ಲಿ ಕರಗಿಹೋಗುತ್ತದೆ, ಹಿಂದೆ ಒಂದು ಕಪ್ಪು ಮರದ ಹಲಗೆ ಬೇಕು.

ಪೇಂಟ್ ಬಗ್ಗೆ ದೂರು ಒಂದೇ. ಎರಡು ಕೋಟ್ ಸಾಕು ಅಂದಿದ್ದರು, ಮೂರು ಬೇಕಾಯಿತು. ಹೊಳೆಯುವ ಹಳದಿಗಳಿಗೆ ಕೆಳಗಿನ ಬಣ್ಣ ಮುಚ್ಚುವ ಶಕ್ತಿ ಕಡಿಮೆ, ಕಾವಿಮಣ್ಣಿನ ಛಾಯೆ ಇದ್ದಷ್ಟೂ ಚೆನ್ನಾಗಿ ಮುಚ್ಚುತ್ತದೆ. ಹಳೆಯ ನೀಲಿ, ಹಸಿರಿನ ಮೇಲೆ ಹೊಡೆಸುವವರು ಬಿಳಿ ಪ್ರೈಮರ್ ತಪ್ಪಿಸಬೇಡಿ. ಬೇಕಾದಷ್ಟೂ ಪೇಂಟ್ ಒಂದೇ ಸಲ ಮಿಕ್ಸ್ ಮಾಡಿಸಿ, ಆಮೇಲೆ ತಂದ ಡಬ್ಬಿಯ ಬಣ್ಣ ಸ್ವಲ್ಪ ಬೇರೆ ಬರಬಹುದು. ಹೊಳಪು ಜಾಸ್ತಿ ಇದ್ದರೆ ಹಳೆಯ ಗೋಡೆಯ ಉಬ್ಬುತಗ್ಗು ಎಲ್ಲ ಕಾಣುತ್ತದೆ, ನಾವು ತೀರಾ ಸಣ್ಣ ಹೊಳಪಿನದ್ದು ತಂದೆವು. ಸ್ವಿಚ್‌ಬೋರ್ಡ್ ಸುತ್ತಲಿನ ಕೈ ಕಲೆ ಒದ್ದೆ ಬಟ್ಟೆಗೆ ಹೋಗುತ್ತದೆ.

ಫಂಗಸ್ ಬರೋದಿಲ್ಲ ಅಂತ ಡಬ್ಬಿ ಮೇಲೆ ಬರೆದಿದೆ. ಹಾಲ್ ಪೂರ್ತಿ ಚೆನ್ನಾಗಿದೆ, ಮಳೆ ಹೊಡೆಯುವ ಪಡುವಣ ಗೋಡೆಗೆ ಒತ್ತಿಟ್ಟ ಬೀರುವಿನ ಹಿಂದೆ ಮಾತ್ರ ಕಪ್ಪು ಚುಕ್ಕೆ ಬಂದಿವೆ. ಹೊರಗಿಂದ ನೀರು ಇಳಿಯುವ ಗೋಡೆಯನ್ನು ಯಾವ ಪೇಂಟೂ ಕಾಪಾಡುವುದಿಲ್ಲ, ಮೊದಲು ಹೊರಗಿನ ಬಿರುಕು ಮುಚ್ಚಿಸಬೇಕು. ಬೀರುವನ್ನು ಗಾಳಿ ಆಡುವಷ್ಟು ಮುಂದಕ್ಕೆ ಎಳೆದಿದ್ದೇವೆ. ಮುಂದಿನ ಬೇಸಿಗೆಗೆ ಊಟದ ಕೋಣೆಗೂ ಇದೇ ಬಣ್ಣ, ಅಲ್ಲಿ ಕಿಟಕಿ ಒಂದೇ ಇರುವುದರಿಂದ ಇನ್ನೊಂದು ಮೆಟ್ಟಿಲು ತಿಳಿ ಶೇಡ್.